ಹಡಗು ನಿಲ್ಲುವ ಎಂಟು ಗಂಟೆ: ಕೆರಿಬಿಯನ್‌ನಲ್ಲಿ ಗೇಟು ದಾಟುವ ಪ್ರವಾಸಿಗ ಯಾಕೆ ಮುಖ್ಯ?

2002ರ ಮೇ ತಿಂಗಳು. ಆಂಟಿಗಾ ದ್ವೀಪದ ಸೇಂಟ್ ಜಾನ್ಸ್ ಊರಿನ ಕ್ರಿಕೆಟ್ ಮೈದಾನ. ದವಡೆ ಮುರಿದಿದ್ದ ಅನಿಲ್ ಕುಂಬ್ಳೆ ತಲೆಯ ಸುತ್ತ ಬ್ಯಾಂಡೇಜ್ ಕಟ್ಟಿಕೊಂಡು ಬಂದು 14 ಓವರ್ ಎಸೆದರು, ಬ್ರಯಾನ್ ಲಾರಾ ಅವರ ವಿಕೆಟ್ ಕಿತ್ತರು. ಕನ್ನಡಿಗರು ಆ ದೃಶ್ಯವನ್ನು ಇವತ್ತಿಗೂ ಮರೆತಿಲ್ಲ.

ಆ ಮೈದಾನ ಈಗಲೂ ಅಲ್ಲೇ ಇದೆ. ಕ್ರೂಸ್ ಹಡಗುಗಳು ಬಂದು ನಿಲ್ಲುವ ಹೆರಿಟೇಜ್ ಕೀ ದಕ್ಕೆಯಿಂದ ಸುಮಾರು ಕಾಲು ಗಂಟೆ ನಡೆದರೆ ಸಿಗುತ್ತದೆ. ಲಾರಾ 1994ರಲ್ಲಿ 375, 2004ರಲ್ಲಿ ಔಟಾಗದೆ 400 ಹೊಡೆದದ್ದೂ ಇದೇ ನೆಲದ ಮೇಲೆ. ಟ್ಯಾಕ್ಸಿ ಹಿಡಿದು ಕೆಲವೇ ಕಿಲೋಮೀಟರ್ ಹೋದರೆ ಸೀಡರ್ ವ್ಯಾಲಿ ಎಂಬ 18 ಹೋಲ್‌ಗಳ ಗಾಲ್ಫ್ ಮೈದಾನ ಇದೆ. ಹೊರಗಿನಿಂದ ಬಂದವರೂ ದುಡ್ಡು ಕಟ್ಟಿ ಆಡಬಹುದು. ಅಂದರೆ ಬೆಳಗ್ಗೆ ಎಂಟಕ್ಕೆ ಹಡಗಿನಿಂದ ಇಳಿದವರು ಒಂದು ಸುತ್ತು ಗಾಲ್ಫ್ ಆಡಿ, ಕುಂಬ್ಳೆ ಬೌಲ್ ಮಾಡಿದ ಜಾಗ ನೋಡಿ, ಊರಿನ ಹೋಟೆಲಲ್ಲಿ ಊಟ ಮುಗಿಸಿ ಸಂಜೆ ಐದರೊಳಗೆ ವಾಪಸ್ ಬರಬಹುದು. ಯಾರ ಪ್ಯಾಕೇಜೂ ಬೇಕಿಲ್ಲ.

ಆದರೆ ಹೀಗೆ ಮಾಡುವವರು ಕಡಿಮೆ. ಬಹಳಷ್ಟು ಜನ ಹಡಗಿನವರೇ ಮಾರುವ ಟೂರ್ ಬಸ್ಸು ಹತ್ತುತ್ತಾರೆ. ಇನ್ನು ಕೆಲವರು ಹಡಗಿನಿಂದ ಇಳಿಯುವುದೇ ಇಲ್ಲ. ಇದು ಅವರವರ ಇಷ್ಟ, ಇದರಲ್ಲಿ ವಿಶ್ಲೇಷಣೆ ಮಾಡುವಂಥದ್ದು ಏನಿದೆ ಅಂತ ಕೇಳಬಹುದು. ಇದೆ. ಪ್ರವಾಸಿಗ ದಕ್ಕೆಯ ಗೇಟು ದಾಟಿ ಊರೊಳಗೆ ಹೋಗುತ್ತಾನೋ ಇಲ್ಲವೋ ಅನ್ನುವುದರ ಮೇಲೆ ಕೆರಿಬಿಯನ್‌ನ ಹಲವು ಪುಟ್ಟ ದೇಶಗಳ ಆದಾಯ ನಿಂತಿದೆ. ಮತ್ತು ಆ ಗೇಟು ದಾಟುವ ಅಗತ್ಯವೇ ಇಲ್ಲದಂತೆ ಮಾಡುವ ಕೆಲಸ ಕಳೆದ ಕೆಲವು ವರ್ಷಗಳಿಂದ ಜೋರಾಗಿ ನಡೆಯುತ್ತಿದೆ.

ಅಮೆರಿಕದಲ್ಲಿರುವ ಮಕ್ಕಳು ಅಪ್ಪ-ಅಮ್ಮನನ್ನು ಮಯಾಮಿಯಿಂದ ಕ್ರೂಸ್‌ಗೆ ಕರೆದುಕೊಂಡು ಹೋಗುವುದು ಈಗ ನಮ್ಮ ಬೆಂಗಳೂರು, ಮೈಸೂರಿನ ಮನೆಗಳಲ್ಲೂ ಅಪರೂಪದ ಸುದ್ದಿಯಲ್ಲ. ಹಾಗಾಗಿ ಈ ಲೆಕ್ಕ ತಿಳಿದಿರುವುದು ಒಳ್ಳೆಯದು.

ಗಡಿಯಾರದ ಭಯ

ಮೊದಲು ಒಬ್ಬ ಗಾಲ್ಫ್ ಆಟಗಾರನ ದಿನವನ್ನು ನೋಡೋಣ. ಹಡಗು ಸಾಮಾನ್ಯವಾಗಿ ಎಂಟರಿಂದ ಒಂಬತ್ತು ಗಂಟೆ ನಿಲ್ಲುತ್ತದೆ. ಹೊರಡುವ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಎಲ್ಲರೂ ಒಳಗಿರಬೇಕು. 18 ಹೋಲ್ ಮುಗಿಸಲು ನಾಲ್ಕರಿಂದ ನಾಲ್ಕೂವರೆ ಗಂಟೆ ಬೇಕು. ಹೋಗಿ ಬರುವ ದಾರಿ, ಬಾಡಿಗೆಗೆ ಕ್ಲಬ್ ತೆಗೆದುಕೊಳ್ಳುವುದು, ಮೊದಲ ಹೊಡೆತಕ್ಕೆ ಸರದಿ ಕಾಯುವುದು ಎಲ್ಲ ಸೇರಿದರೆ ಆರೂವರೆ ಗಂಟೆ. ಹೊಂದುತ್ತದೆ, ಆದರೆ ಸಡಿಲ ಹೆಚ್ಚಿಲ್ಲ.

ಇಲ್ಲಿ ಒಂದು ಸಣ್ಣ ಸಿಕ್ಕು ಇದೆ. ಚಳಿಗಾಲದಲ್ಲಿ ಮಯಾಮಿಗಿಂತ ಆಂಟಿಗಾ, ಬಾರ್ಬಡೋಸ್‌ನ ಗಡಿಯಾರ ಒಂದು ಗಂಟೆ ಮುಂದಿರುತ್ತದೆ. ಕೆಲವು ಹಡಗುಗಳು ದ್ವೀಪಕ್ಕೆ ತಕ್ಕಂತೆ ಗಡಿಯಾರ ಬದಲಿಸುತ್ತವೆ, ಕೆಲವು ಬದಲಿಸುವುದಿಲ್ಲ. ಕೈಯಲ್ಲಿರುವ ಮೊಬೈಲ್ ದ್ವೀಪದ ಸಮಯ ತೋರಿಸುತ್ತದೆ, ಹಡಗು ತನ್ನ ಸಮಯಕ್ಕೆ ಹೊರಡುತ್ತದೆ. ಇದನ್ನು ಗಮನಿಸದವರು ಕೊನೆಗೆ ದಕ್ಕೆಯ ಮೇಲೆ ಓಡಬೇಕಾಗುತ್ತದೆ. ಹಾಗೆ ಓಡುವವರಿಗೆ 'ಪಿಯರ್ ರನ್ನರ್' ಅಂತಲೇ ಹೆಸರಿದೆ. ಮೇಲಿನ ಡೆಕ್‌ನಲ್ಲಿ ನಿಂತವರು ಅವರ ವಿಡಿಯೊ ಮಾಡಿ ನಗುತ್ತಾರೆ.

ಕಂಪನಿಯಿಂದಲೇ ಟೂರ್ ಕೊಂಡಿದ್ದರೆ ಬಸ್ಸು ತಡವಾದರೂ ಹಡಗು ಕಾಯುತ್ತದೆ, ಅಥವಾ ಮುಂದಿನ ಬಂದರಿಗೆ ಕಳಿಸುವ ಹೊಣೆ ಕಂಪನಿಯದು. ನೀವೇ ಹೋಗಿದ್ದರೆ ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೊ ಟೋಮೆ ದ್ವೀಪದಲ್ಲಿ ಸ್ವಂತ ಏರ್ಪಾಟಿನಲ್ಲಿ ಸುತ್ತಲು ಹೋಗಿ ತಡವಾದ ಎಂಟು ಮಂದಿಯನ್ನು ಒಂದು ಕ್ರೂಸ್ ಹಡಗು ಬಿಟ್ಟು ಹೋಯಿತು. ಜಗತ್ತಿನಾದ್ಯಂತ ಸುದ್ದಿಯಾಯಿತು. ಸಾವಿರಾರು ಜನರ ಹಡಗು ಎಂಟು ಮಂದಿಗಾಗಿ ಕಾಯಬೇಕೇ ಅನ್ನುವುದು ನ್ಯಾಯವಾದ ಪ್ರಶ್ನೆಯೇ. ಆದರೆ ಆ ಸುದ್ದಿ ಕ್ರೂಸ್ ಕಂಪನಿಗಳ ಟೂರ್ ಕೌಂಟರಿಗೆ ಪುಕ್ಕಟೆ ಜಾಹೀರಾತೂ ಆಯಿತು. 'ನಮ್ಮ ಜೊತೆ ಬನ್ನಿ, ಇಲ್ಲದಿದ್ದರೆ ನಿಮ್ಮ ಹೊಣೆ ನಿಮಗೆ.'

ಈ ಧೈರ್ಯವನ್ನೇ ಕಂಪನಿ ಮಾರುವುದು. ಅದೇ ಗಾಲ್ಫ್ ಮೈದಾನ, ಅದೇ ವ್ಯಾನು, ಎಷ್ಟೋ ಸಲ ಅದೇ ಡ್ರೈವರ್. ಹಡಗಿನ ಮೂಲಕ ಹೋದರೆ ದರ ಹೆಚ್ಚು. ಆ ಹೆಚ್ಚಿನ ದುಡ್ಡು ಡ್ರೈವರಿಗಾಗಲಿ, ಕ್ಯಾಡಿಗಾಗಲಿ ಹೋಗುವುದಿಲ್ಲ. ನಡುವೆ ನಿಂತ ಕಂಪನಿ ಇಟ್ಟುಕೊಳ್ಳುತ್ತದೆ.

ಸ್ವಂತವಾಗಿ ಹೋದವನ ದುಡ್ಡು ಎಲ್ಲೆಲ್ಲಿ ಇಳಿಯುತ್ತದೆ ನೋಡಿ. ಟ್ಯಾಕ್ಸಿಯವನಿಗೆ ಬಾಡಿಗೆ, ಮೈದಾನಕ್ಕೆ ಶುಲ್ಕ, ಕ್ಲಬ್ಬಿಗೆ ಬಾಡಿಗೆ, ಕ್ಯಾಡಿಗೆ ಕೂಲಿ ಮತ್ತು ಟಿಪ್ಸ್, ಮಧ್ಯಾಹ್ನದ ಊಟ, ದಾರಿಯಲ್ಲೊಂದು ಎಳನೀರು. ಜಮೈಕಾದ ಹಲವು ಮೈದಾನಗಳಲ್ಲಿ ಕ್ಯಾಡಿ ಇಲ್ಲದೆ ಆಡಲು ಬಿಡುವುದಿಲ್ಲ. ಹಾಗಾಗಿ ಒಬ್ಬ ಆಟಗಾರ ಬಂದರೆ ಊರಿನ ಒಬ್ಬರಿಗೆ ಅರ್ಧ ದಿನದ ಕೆಲಸ ಖಚಿತ. ಬಾರ್ಬಡೋಸ್‌ನಲ್ಲಿ ಗಾಲ್ಫ್ ಬೇಡ ಅನ್ನುವವರು ಝಡ್‌ಆರ್ ಎಂದು ಕರೆಯುವ ಬಾಡಿಗೆ ವ್ಯಾನು ಹತ್ತಿ, ಮೂರೂವರೆ ಬಾರ್ಬಡೋಸ್ ಡಾಲರಿಗೆ, ಅಂದರೆ ಎರಡು ಅಮೆರಿಕನ್ ಡಾಲರಿಗೂ ಕಡಿಮೆ ದುಡ್ಡಿಗೆ ಕರಾವಳಿ ಸುತ್ತಬಹುದು. ನಮ್ಮ ಮಂಗಳೂರಿನ ಸಿಟಿ ಬಸ್ಸಿನ ಗದ್ದಲ, ಹಾಡು, ಓವರ್‌ಟೇಕ್ ಎಲ್ಲವೂ ಅಲ್ಲಿ ಸಿಗುತ್ತದೆ.

ದ್ವೀಪವನ್ನೇ ಕಟ್ಟಿಕೊಂಡರೆ ಊರು ಯಾಕೆ ಬೇಕು?

ಕ್ರೂಸ್ ಉದ್ಯಮವೇ ಮಾಡಿಸಿದ ಸಮೀಕ್ಷೆಗಳ ಪ್ರಕಾರ ಕೆರಿಬಿಯನ್‌ನ ಒಂದು ಬಂದರಿನಲ್ಲಿ ಪ್ರಯಾಣಿಕನೊಬ್ಬ ಸರಾಸರಿ 100 ಡಾಲರ್ ಆಸುಪಾಸು ಖರ್ಚು ಮಾಡುತ್ತಾನೆ. ವಿಮಾನದಲ್ಲಿ ಬಂದು ವಾರ ಉಳಿಯುವ ಪ್ರವಾಸಿಗನ ಮುಂದೆ ಇದು ಏನೂ ಅಲ್ಲ. ಸರಾಸರಿ ಎಂದಾಗ ವಜ್ರದ ಅಂಗಡಿಯ ದೊಡ್ಡ ಬಿಲ್ಲೂ, ಟೂರ್‌ಗಳ ಖರ್ಚೂ ಅದರಲ್ಲಿ ಸೇರಿರುತ್ತದೆ ಅನ್ನುವುದನ್ನು ಮರೆಯಬಾರದು. ಆದರೂ ಜನರ ಸಂಖ್ಯೆ ದೊಡ್ಡದಾದ್ದರಿಂದ ಮೊತ್ತ ದೊಡ್ಡದಾಗುತ್ತದೆ. 2024ರ ಜನವರಿಯಲ್ಲಿ ಮಯಾಮಿಯಿಂದ ಮೊದಲ ಯಾನ ಹೊರಟ 'ಐಕಾನ್ ಆಫ್ ದಿ ಸೀಸ್' ಹಡಗಿಗೆ ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು. ಅದು ನಿಲ್ಲುವ ಸೇಂಟ್ ಕಿಟ್ಸ್ ಮತ್ತು ನೆವಿಸ್ ದೇಶದ ಒಟ್ಟು ಜನಸಂಖ್ಯೆಯೇ ಸುಮಾರು 50 ಸಾವಿರ.

ಇಷ್ಟು ಜನ ಊರಿಗೆ ಇಳಿದು ಖರ್ಚು ಮಾಡುವ ದುಡ್ಡು ತಮಗೇ ಬಂದರೆ ಒಳ್ಳೆಯದಲ್ಲವೇ ಅಂತ ಕಂಪನಿಗಳಿಗೆ ಅನ್ನಿಸಿದ್ದು ಸಹಜ. ಅದಕ್ಕೆ ಕಂಡುಕೊಂಡ ಉತ್ತರವೇ ಖಾಸಗಿ ದ್ವೀಪ. ರಾಯಲ್ ಕೆರಿಬಿಯನ್ ಕಂಪನಿ ಬಹಾಮಾಸ್‌ನ ಒಂದು ಪುಟ್ಟ ದ್ವೀಪಕ್ಕೆ 25 ಕೋಟಿ ಡಾಲರ್ ಸುರಿದು 2019ರಲ್ಲಿ ಅದನ್ನು 'ಪರ್ಫೆಕ್ಟ್ ಡೇ ಅಟ್ ಕೊಕೊಕೇ' ಮಾಡಿತು. ಕಾರ್ನಿವಲ್ ಕಂಪನಿ ಗ್ರ್ಯಾಂಡ್ ಬಹಾಮಾ ದ್ವೀಪದಲ್ಲಿ 60 ಕೋಟಿ ಡಾಲರ್ ವೆಚ್ಚದ 'ಸೆಲೆಬ್ರೇಷನ್ ಕೀ'ಯನ್ನು 2025ರ ಜುಲೈನಲ್ಲಿ ತೆರೆಯಿತು. ಡಿಸ್ನಿ, ಎಂಎಸ್‌ಸಿ, ನಾರ್ವೇಜಿಯನ್ ಎಲ್ಲರಿಗೂ ಇಂಥ ಜಾಗಗಳಿವೆ.

ಅಲ್ಲಿ ಮರಳು ಬೆಳ್ಳಗಿದೆ, ನೀರು ನೀಲಿಯಾಗಿದೆ. ಟ್ಯಾಕ್ಸಿಯವರು ಕೂಗಿ ಕರೆಯುವುದಿಲ್ಲ. ಹಡಗಿನಲ್ಲಿ ಕೊಂಡ ಕುಡಿಯುವ ಪ್ಯಾಕೇಜು ಕೊಕೊಕೇಯಲ್ಲೂ ನಡೆಯುತ್ತದೆ. ಗಾಲ್ಫ್ ಮೈದಾನವಂತೂ ಅಲ್ಲಿಲ್ಲ, ಆದರೆ ಹಡಗಿನ ಮೇಲಿನ ಡೆಕ್‌ನಲ್ಲೇ ಮಿನಿ ಗಾಲ್ಫ್ ಇದೆ! ಅಂದರೆ ಪ್ರವಾಸಿಗನ ಜೇಬಿನಿಂದ ಹೊರಬಿದ್ದ ಡಾಲರ್ ಅದೇ ಕಂಪನಿಯ ಇನ್ನೊಂದು ಜೇಬಿಗೆ ಬೀಳುತ್ತದೆ. 2024ರಲ್ಲಿ ಬಹಾಮಾಸ್‌ಗೆ 1.1 ಕೋಟಿಗೂ ಹೆಚ್ಚು ಪ್ರವಾಸಿಗರು ಬಂದರು, ಅವರಲ್ಲಿ 90 ಲಕ್ಷಕ್ಕೂ ಹೆಚ್ಚು ಮಂದಿ ಬಂದದ್ದು ಹಡಗಿನಲ್ಲಿ. ಸುಮಾರು ನಾಲ್ಕು ಲಕ್ಷ ಜನರ ದೇಶ ಅದು. ಬಂದವರ ಸಂಖ್ಯೆ ನೋಡಿ ಚಿನ್ನದ ಮಳೆ ಅಂದುಕೊಳ್ಳಬೇಕು. ಆದರೆ ರಾಜಧಾನಿ ನಸ್ಸಾವಿನ ಟ್ಯಾಕ್ಸಿ ಡ್ರೈವರಿಗೆ ಮುಖ್ಯವಾದದ್ದು ದೇಶದ ಲೆಕ್ಕಕ್ಕೆ ಸೇರಿದವರ ಸಂಖ್ಯೆಯಲ್ಲ, ಗೇಟು ದಾಟಿ ಬಂದವರ ಸಂಖ್ಯೆ.

ಇಲ್ಲಿ ಹೆಚ್ಚು ಜನ ಗಮನಿಸದ ಒಂದು ಕಾನೂನಿನ ಮಾತಿದೆ. 1886ರ ಅಮೆರಿಕದ ಪ್ರಯಾಣಿಕ ಹಡಗು ಕಾಯ್ದೆಯ ಪ್ರಕಾರ, ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಿಂದ ಜನರನ್ನು ಹತ್ತಿಸಿಕೊಂಡು ಯಾವ ವಿದೇಶಿ ಬಂದರನ್ನೂ ಮುಟ್ಟದೆ ಅಮೆರಿಕಕ್ಕೇ ತಂದು ಇಳಿಸುವಂತಿಲ್ಲ. ಮಯಾಮಿಯಿಂದ ಹೊರಡುವ ದೊಡ್ಡ ಕ್ರೂಸ್ ಹಡಗುಗಳ ಮೇಲೆ ಹಾರುವುದು ಬಹಾಮಾಸ್, ಪನಾಮಾದಂಥ ದೇಶಗಳ ಬಾವುಟ. ಕಂಪನಿಗಳ ಆಫೀಸು ಮಯಾಮಿಯಲ್ಲಿದ್ದರೂ ರಾಯಲ್ ಕೆರಿಬಿಯನ್‌ನ ನೋಂದಣಿ ಲೈಬೀರಿಯಾದಲ್ಲಿ, ನಾರ್ವೇಜಿಯನ್‌ನದು ಬರ್ಮುಡಾದಲ್ಲಿ. ತೆರಿಗೆ ಉಳಿಸಲು ಮಾಡಿಕೊಂಡ ಈ ವ್ಯವಸ್ಥೆಯಿಂದಾಗಿಯೇ ಅವರಿಗೆ ಒಂದಲ್ಲ ಒಂದು ವಿದೇಶಿ ನೆಲ ಬೇಕೇ ಬೇಕು. ಅಂದರೆ ದ್ವೀಪಗಳಿಗೆ ಹಡಗು ಎಷ್ಟು ಬೇಕೋ, ಹಡಗಿಗೂ ದ್ವೀಪಗಳು ಅಷ್ಟೇ ಬೇಕು. ದ್ವೀಪಗಳ ಕೈಯಲ್ಲಿರುವ ಒಳ್ಳೆಯ ಎಲೆ ಇದೊಂದೇ. ಖಾಸಗಿ ದ್ವೀಪ ಬಹಾಮಾಸ್ ನೆಲದಲ್ಲೇ ಇರುವುದರಿಂದ ಕಾನೂನು ಪಾಲಿಸಿದಂತೆಯೂ ಆಯಿತು, ಊರಿನ ಸಹವಾಸ ತಪ್ಪಿಸಿದಂತೆಯೂ ಆಯಿತು. ಆ ಎಲೆಯನ್ನೂ ಕಂಪನಿಗಳು ಮೆಲ್ಲಗೆ ಕಿತ್ತುಕೊಳ್ಳುತ್ತಿವೆ.

ಹಸಿರು ಹುಲ್ಲಿನ ಕೆಳಗೆ ಏನಿದೆ?

ಹಾಗಂತ ಗೇಟು ದಾಟಿ ಗಾಲ್ಫ್ ಆಡಲು ಹೋದವನೆಲ್ಲ ಪುಣ್ಯವಂತ ಅನ್ನುವಂತಿಲ್ಲ. ಕೆರಿಬಿಯನ್‌ನಲ್ಲಿ ಗಾಲ್ಫ್ ಮೈದಾನಕ್ಕೆ ತನ್ನದೇ ಚರಿತ್ರೆ ಇದೆ.

ಡೊಮಿನಿಕನ್ ರಿಪಬ್ಲಿಕ್‌ನ ಲಾ ರೊಮಾನಾ ಬಂದರಿಗೆ ಬರುವ ಗಾಲ್ಫ್ ಪ್ರಿಯರೆಲ್ಲ ಹಂಬಲಿಸುವುದು 'ಟೀತ್ ಆಫ್ ದಿ ಡಾಗ್' ಮೈದಾನಕ್ಕೆ. ಅಮೆರಿಕದ ಪೀಟ್ ಡೈ ವಿನ್ಯಾಸ ಮಾಡಿದ ಇದು 1971ರಲ್ಲಿ ಶುರುವಾಯಿತು. ಕಟ್ಟಿಸಿದ್ದು ಗಲ್ಫ್ ಆ್ಯಂಡ್ ವೆಸ್ಟರ್ನ್ ಎಂಬ ಕಂಪನಿ. ಅಲ್ಲಿನ ಸಕ್ಕರೆ ಕಾರ್ಖಾನೆ ಮತ್ತು ಕಬ್ಬಿನ ಗದ್ದೆಗಳ ಒಡೆಯನೂ ಆಗ ಅದೇ. ನಾಯಿಯ ಹಲ್ಲಿನಷ್ಟು ಚೂಪಾದ ಹವಳದ ಬಂಡೆಯನ್ನು ನೂರಾರು ಕೂಲಿಗಳು ಕೈಯಲ್ಲೇ ಒಡೆದು ಹುಲ್ಲು ಹಾಸಿದರು. ಹೆಸರು ಬಂದದ್ದೂ ಆ ಕಲ್ಲಿಗೆ ಅವರು ಇಟ್ಟಿದ್ದ ಅಡ್ಡಹೆಸರಿನಿಂದ. ಅದೇ ಲಾ ರೊಮಾನಾದ ಸಕ್ಕರೆ ಕಂಪನಿ ಬೇರೆ ಒಡೆಯರ ಕೈಗೆ ಹೋದ ಮೇಲೆ, ಕಬ್ಬು ಕಡಿಯುವವರನ್ನು ಬಲವಂತವಾಗಿ ದುಡಿಸಿಕೊಳ್ಳಲಾಗುತ್ತಿದೆ ಎಂಬ ಕಾರಣ ಕೊಟ್ಟು ಅಮೆರಿಕದ ಕಸ್ಟಮ್ಸ್ 2022ರ ನವೆಂಬರ್‌ನಲ್ಲಿ ಅದರ ಸಕ್ಕರೆಯನ್ನು ತಡೆಹಿಡಿಯಿತು. 2025ರ ಮಾರ್ಚ್‌ನಲ್ಲಿ ಆ ತಡೆ ತೆರವಾಯಿತು. ಆ ಗದ್ದೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೈಟಿಯಿಂದ ಬಂದವರು.

ಜಮೈಕಾದ ಮಾಂಟೆಗೊ ಬೇ ಹತ್ತಿರದ ಸಿನಮನ್ ಹಿಲ್ ಮೈದಾನದಲ್ಲಿ ಆಡುವಾಗ ಹಳೆಯ ಕಲ್ಲಿನ ನೀರುಗಾಲುವೆಯ ಅವಶೇಷ ಕಾಣುತ್ತದೆ. ಫೋಟೊಕ್ಕೆ ಚೆನ್ನಾಗಿರುತ್ತದೆ. ಅದು ರೋಸ್ ಹಾಲ್ ಎಂಬ ಕಬ್ಬಿನ ತೋಟದ್ದು, ಗುಲಾಮರು ದುಡಿದ ತೋಟ. ಸೇಂಟ್ ಕಿಟ್ಸ್‌ನಲ್ಲಿ 2005ರಲ್ಲಿ ಸಕ್ಕರೆ ಉದ್ಯಮ ಮುಚ್ಚಿತು. ಕಬ್ಬು ಸಾಗಿಸಲು ಹಾಕಿದ್ದ ಪುಟ್ಟ ರೈಲು ಹಳಿಯ ಮೇಲೆ ಈಗ ಕ್ರೂಸ್ ಪ್ರವಾಸಿಗರು ಓಡಾಡುತ್ತಾರೆ. ಸಕ್ಕರೆ ಹೋಯಿತು, ಪ್ರವಾಸೋದ್ಯಮ ಬಂತು. ದುಡಿಯುವವರು ಮಾತ್ರ ಅದೇ ಊರಿನವರು.

ನೀರಿನ ವಿಷಯವೂ ಇದೆ. ಆಂಟಿಗಾದಲ್ಲಿ ವರ್ಷವಿಡೀ ಹರಿಯುವ ನದಿಯೇ ಇಲ್ಲ. ಕುಡಿಯುವ ನೀರಿನ ದೊಡ್ಡ ಪಾಲು ಸಮುದ್ರದ ಉಪ್ಪು ತೆಗೆದು ಮಾಡಿದ್ದು. ಬರ ಬಂದಾಗ ಮನೆಗಳಿಗೆ ಸರದಿಯ ಮೇಲೆ ನೀರು ಬಿಡುತ್ತಾರೆ. ಅರೂಬಾದ ಕಥೆಯೂ ಅದೇ. ಕಳ್ಳಿ ಬೆಳೆಯುವ ಆ ಒಣ ದ್ವೀಪದ ಕುಡಿಯುವ ನೀರೂ ಸಮುದ್ರದಿಂದಲೇ ಬರಬೇಕು. ಅಲ್ಲೂ ಒಂದು 18 ಹೋಲ್‌ಗಳ ಹಸಿರು ಮೈದಾನ ಇದೆ. ಇಂಥ ಕಡೆ ಸಂಸ್ಕರಿಸಿದ ಕೊಳಚೆ ನೀರು ಬಳಸುವುದು, ಉಪ್ಪುನೀರು ತಾಳುವ ಪಾಸ್ಪಾಲಮ್ ಹುಲ್ಲು ಬೆಳೆಸುವುದು ದಾರಿಗಳು. ಯಾವ ಮೈದಾನ ಯಾವ ನೀರು ಕುಡಿಯುತ್ತದೆ ಅಂತ ಆಡಲು ಹೋದವರು ಕೇಳಬಹುದು. ಕೇಳಿದರೆ ತಪ್ಪೇನಿಲ್ಲ.

ಭೂಮಿಯ ಪ್ರಶ್ನೆ ಇನ್ನೂ ಗಂಭೀರ. ಆಂಟಿಗಾದ ಜೋಡಿ ದ್ವೀಪ ಬಾರ್ಬುಡಾ. ಅಲ್ಲಿ ಗುಲಾಮಗಿರಿ ಕೊನೆಗೊಂಡ ಕಾಲದಿಂದ ಜಮೀನನ್ನು ಊರಿನವರೆಲ್ಲ ಸೇರಿ ಅನುಭವಿಸುವ ಪದ್ಧತಿ ಇತ್ತು. 2007ರ ಕಾಯ್ದೆ ಅದಕ್ಕೆ ಮುದ್ರೆ ಒತ್ತಿತ್ತು. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬಡಿದು, ಇಡೀ ದ್ವೀಪದ ಜನರನ್ನು ಆಂಟಿಗಾಕ್ಕೆ ಸಾಗಿಸಲಾಯಿತು. ಮನೆ ಕಳೆದುಕೊಂಡವರು ಇನ್ನೂ ನಿರಾಶ್ರಿತರಾಗಿರುವಾಗಲೇ ಹೊಸ ವಿಮಾನ ನಿಲ್ದಾಣದ ಕೆಲಸ ಶುರುವಾಯಿತು. ಭೂಮಿಯ ಕಾನೂನು ಬದಲಾಯಿತು. ಶ್ರೀಮಂತರ ಮನೆಗಳು ಮತ್ತು ಗಾಲ್ಫ್ ಮೈದಾನದ ಯೋಜನೆ ಮೇಲೆದ್ದಿತು. ಊರಿನವರು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋದರು. ವಿಮಾನ ನಿಲ್ದಾಣವನ್ನು ಪ್ರಶ್ನಿಸುವ ಹಕ್ಕು ಅವರಿಗಿದೆ ಎಂಬ ತೀರ್ಪು ಬಂದದ್ದು 2024ರಲ್ಲಿ. ಬಾರ್ಬುಡಾದ ಈ ಜಗಳಕ್ಕೂ ಕ್ರೂಸ್ ಹಡಗಿಗೂ ನೇರ ನಂಟಿಲ್ಲ ನಿಜ. ಆದರೆ ಬೇಲಿ ಹಾಕಿಕೊಳ್ಳುವ ಕೆಲಸ ಗಾಲ್ಫಿನ ಹೆಸರಲ್ಲೂ ನಡೆಯುತ್ತದೆ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಹಾಗಾಗಿ ಸ್ವಂತವಾಗಿ ಹೋಗುವುದೇ ಒಳ್ಳೆಯದು, ಪ್ಯಾಕೇಜ್ ಕೆಟ್ಟದ್ದು ಅನ್ನುವ ಸರಳ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಬೇಲಿ ಎಲ್ಲಿದೆ, ಯಾರು ಹಾಕಿದ್ದು, ಅದರ ಆಚೆ ಯಾರಿದ್ದಾರೆ ಅನ್ನುವುದೇ ಪ್ರಶ್ನೆ.

ಫಾಲ್ಮತ್‌ನ ಗೋಡೆ

ಜಮೈಕಾದ ಫಾಲ್ಮತ್ 1769ರಲ್ಲಿ ಹುಟ್ಟಿದ ಊರು. ಒಂದು ಕಾಲದಲ್ಲಿ ಸಕ್ಕರೆ ಮತ್ತು ಗುಲಾಮರ ವ್ಯಾಪಾರದ ಬಂದರು. ಉಸೇನ್ ಬೋಲ್ಟ್ ಹುಟ್ಟಿದ ಟ್ರೆಲಾನಿ ಜಿಲ್ಲೆಯ ಮುಖ್ಯ ಪಟ್ಟಣ. ಅಲ್ಲಿನ ಸರ್ಕಾರಿ ಬಂದರು ಪ್ರಾಧಿಕಾರ ರಾಯಲ್ ಕೆರಿಬಿಯನ್ ಜೊತೆ ಸೇರಿ ದೈತ್ಯ ಹಡಗುಗಳಿಗಾಗಿಯೇ ಕಟ್ಟಿದ ದಕ್ಕೆ 2011ರಲ್ಲಿ ತೆರೆಯಿತು. ದಕ್ಕೆಯ ಆವರಣದೊಳಗೇ ಅಂಗಡಿ, ಹೋಟೆಲು ಎಲ್ಲ ಬಂದವು. ಊರಿನ ವ್ಯಾಪಾರಿಗಳು ಗೇಟಿನ ಹೊರಗೆ ಉಳಿದರು. ಹಡಗು ಬಂದರೆ ಊರು ಉದ್ಧಾರವಾಗುತ್ತದೆ ಅಂತ ನಂಬಿದ್ದವರಿಗೆ ಕಂಡದ್ದು ಆವರಣದೊಳಗೇ ಸುತ್ತಾಡಿ ಹಡಗಿಗೆ ವಾಪಸ್ ಹೋಗುವ ಜನ, ಇಲ್ಲವೇ ಗೇಟಿನಿಂದ ನೇರ ದೂರದ ರೆಸಾರ್ಟಿಗೆ ಹೋಗುವ ಬಸ್ಸು.

ಸಮುದ್ರ ತೀರದ ಕಥೆಯೂ ಹೀಗೇ. ಜಮೈಕಾದಲ್ಲಿ 1956ರ ಬೀಚ್ ಕಂಟ್ರೋಲ್ ಕಾಯ್ದೆ ಇವತ್ತಿಗೂ ಜಾರಿಯಲ್ಲಿದೆ. ಸಮುದ್ರಕ್ಕೆ ಇಳಿಯುವ ಸಾಮಾನ್ಯ ಹಕ್ಕನ್ನು ಅದು ಜನರಿಗೆ ಕೊಡುವುದಿಲ್ಲ. ಕಡಲ ಮಗ್ಗುಲಲ್ಲೇ ಹುಟ್ಟಿದವರು ಹೋಟೆಲಿನ ಬೇಲಿಯಾಚೆಯಿಂದ ಕಡಲು ನೋಡಬೇಕು. ಇದರ ವಿರುದ್ಧ ಅಲ್ಲಿನ ಜನ ಕೋರ್ಟಿಗೂ ಹೋಗಿದ್ದಾರೆ, ಬೀದಿಗೂ ಇಳಿದಿದ್ದಾರೆ.

2025ರ ಅಕ್ಟೋಬರ್ ಕೊನೆಯಲ್ಲಿ ಮೆಲಿಸ್ಸಾ ಚಂಡಮಾರುತ ಜಮೈಕಾದ ಪಶ್ಚಿಮ ಭಾಗವನ್ನು ಚಿಂದಿ ಮಾಡಿತು. ಆ ದೇಶ ಕಂಡ ಅತ್ಯಂತ ಬಲವಾದ ಬಿರುಗಾಳಿ ಅದು. ಇಂಥ ಹೊತ್ತಲ್ಲಿ ಹಡಗುಗಳು ದಾರಿ ಬದಲಿಸಿ ಬೇರೆ ಬಂದರಿಗೆ ಹೋಗುತ್ತವೆ. ಪ್ರಯಾಣಿಕರ ಸುರಕ್ಷತೆಗೆ ಅದು ಸರಿಯೇ. ಆದರೆ ದ್ವೀಪ ದಾರಿ ಬದಲಿಸಲಾಗುವುದಿಲ್ಲವಲ್ಲ. ಈ ಉದ್ಯಮದ ಅಸಮಾನತೆ ಪೂರ್ತಿ ಇಷ್ಟರಲ್ಲೇ ಇದೆ.

ಒಂದೂವರೆ ಡಾಲರ್ ಕೇಳಿದ್ದಕ್ಕೆ

ದ್ವೀಪಗಳು ಸುಮ್ಮನೆ ಕೂತಿಲ್ಲ. 1990ರ ದಶಕದ ಆರಂಭದಲ್ಲೇ ಕೆರಿಬಿಯನ್ ದೇಶಗಳ ಒಕ್ಕೂಟವಾದ ಕ್ಯಾರಿಕಾಮ್, ಪ್ರತಿ ಕ್ರೂಸ್ ಪ್ರಯಾಣಿಕನ ಮೇಲೆ ಎಲ್ಲರೂ ಕನಿಷ್ಠ 10 ಡಾಲರ್ ತಲೆಗಂದಾಯ ಹಾಕೋಣ ಎಂದು ಯೋಚಿಸಿತು. ಕಂಪನಿಗಳು ವಿರೋಧಿಸಿದವು. ಒಗ್ಗಟ್ಟು ಮುರಿಯಿತು. ಒಂದು ದ್ವೀಪ ಹೆಚ್ಚು ಕೇಳಿದರೆ ಪಕ್ಕದ ದ್ವೀಪ ಕಡಿಮೆಗೆ ಒಪ್ಪುತ್ತದೆ. 1999ರಲ್ಲಿ ಗ್ರೆನಡಾ ಕಸ ವಿಲೇವಾರಿಯ ಖರ್ಚಿಗೆಂದು ತಲೆಗೆ ಒಂದೂವರೆ ಡಾಲರ್ ಕೇಳಿದ್ದಕ್ಕೆ ಕಾರ್ನಿವಲ್ ತನ್ನ ಹಡಗು ಕಳಿಸುವುದನ್ನೇ ನಿಲ್ಲಿಸಿತು. ನಮ್ಮೂರ ಸಂತೆಯಲ್ಲಿ ದೊಡ್ಡ ಗಿರಾಕಿಯೊಬ್ಬ ಐದು ಅಂಗಡಿಯವರನ್ನು ಒಬ್ಬರ ಮೇಲೊಬ್ಬರು ಎತ್ತಿಕಟ್ಟಿ ಬೆಲೆ ಇಳಿಸುವ ಹಾಗೆಯೇ ಇದು.

ಈಗ ಗಾಳಿ ಸ್ವಲ್ಪ ಬದಲಾಗಿದೆ. ಬಹಾಮಾಸ್ 2024ರಿಂದ ತಲೆಗಂದಾಯವನ್ನು 18 ಡಾಲರಿನಿಂದ ಏರಿಸಿತು. ನಸ್ಸಾವು ಅಥವಾ ಫ್ರೀಪೋರ್ಟ್ ಬಂದರಿಗೆ ಬರುವವರಿಗೆ 23 ಡಾಲರ್, ಖಾಸಗಿ ದ್ವೀಪಕ್ಕೆ ಮಾತ್ರ ಹೋಗುವವರಿಗೆ 25 ಡಾಲರ್. ಎರಡೇ ಡಾಲರ್ ವ್ಯತ್ಯಾಸ, ಆದರೆ ಅದರ ಅರ್ಥ ದೊಡ್ಡದು. ಊರಿಗೆ ಬಾರದವನು ಊರಿಗೆ ಹೆಚ್ಚು ಕೊಡಬೇಕು ಅನ್ನುವ ತತ್ವವನ್ನು ಸರ್ಕಾರವೊಂದು ಕಾನೂನಿನಲ್ಲಿ ಬರೆಯಿತು. ನಸ್ಸಾವಿನಲ್ಲಿ 2025ರ ಡಿಸೆಂಬರ್‌ನಲ್ಲಿ ತೆರೆದ ರಾಯಲ್ ಕೆರಿಬಿಯನ್‌ನ ಬೀಚ್ ಕ್ಲಬ್ಬಿನಲ್ಲಿ ಬಹಾಮಾಸ್‌ನವರಿಗೆ ಶೇ 49ರವರೆಗೆ ಪಾಲು ಎಂಬ ಒಪ್ಪಂದವಾಯಿತು. ಮೆಕ್ಸಿಕೊ ಮೊದಲು 42 ಡಾಲರ್ ಎಂದು ಹೇಳಿ, ಕಂಪನಿಗಳ ಒತ್ತಡದ ನಂತರ 2025ರ ಜುಲೈನಿಂದ 5 ಡಾಲರಿಗೆ ಶುರುಮಾಡಿ 2028ರ ಹೊತ್ತಿಗೆ 21ಕ್ಕೆ ಏರಿಸುವ ರಾಜಿಗೆ ಬಂತು. ಪೂರ್ತಿ ಗೆಲುವಲ್ಲ, ಪೂರ್ತಿ ಸೋಲೂ ಅಲ್ಲ.

ಇದರ ಜೊತೆಗೆ ಇನ್ನೊಂದು ಬೆಳವಣಿಗೆ ನಡೆಯುತ್ತಿದೆ. ಬಂದರುಗಳನ್ನು ನಡೆಸುವ ಹಕ್ಕೇ ಹೊರಗಿನ ಕಂಪನಿಗಳಿಗೆ ಹೋಗುತ್ತಿದೆ. ಆಂಟಿಗಾದ ಕ್ರೂಸ್ ಬಂದರನ್ನು 2019ರಿಂದ 30 ವರ್ಷಕ್ಕೆ ಗ್ಲೋಬಲ್ ಪೋರ್ಟ್ಸ್ ಹೋಲ್ಡಿಂಗ್ ವಹಿಸಿಕೊಂಡಿದೆ. ನಸ್ಸಾವನ್ನೂ ಅದೇ ಗುಂಪು ನಡೆಸುತ್ತಿದೆ. ದೊಡ್ಡ ಹಡಗಿಗೆ ದೊಡ್ಡ ದಕ್ಕೆ ಬೇಕು, ಸಣ್ಣ ದೇಶದ ಖಜಾನೆಯಲ್ಲಿ ಅಷ್ಟು ದುಡ್ಡಿಲ್ಲ. ಹಾಗಾಗಿ ಗೇಟಿನ ಬೀಗದ ಕೈಯೇ ಬೇರೆಯವರ ಕೈಯಲ್ಲಿ.

ಇನ್ನೊಂದು ಮುಖ

ಪ್ಯಾಕೇಜ್ ಆರಿಸುವವರನ್ನು ಹೀಗಳೆಯುವುದು ಸರಿಯಲ್ಲ. ಎಪ್ಪತ್ತು ದಾಟಿದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋದವರಿಗೆ ಹಡಗು ತಪ್ಪಿದರೆ ಏನು ಗತಿ ಅನ್ನುವ ಚಿಂತೆ ಇರುತ್ತದೆ. ದಕ್ಕೆಯ ಬಾಗಿಲಲ್ಲಿ ಟ್ಯಾಕ್ಸಿಯವರು ಮುತ್ತಿಕೊಂಡು ಬಾಯಿಗೆ ಬಂದ ರೇಟು ಹೇಳುವುದೂ ಸುಳ್ಳಲ್ಲ. ಮೆಜೆಸ್ಟಿಕ್‌ನಲ್ಲಿ ಲಗೇಜು ಹಿಡಿದು ಇಳಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾಸಗಿ ದ್ವೀಪಗಳಲ್ಲಿ ಊರಿನವರಿಗೆ ಕೆಲಸ ಸಿಗುತ್ತದೆ ಅನ್ನುವುದೂ ನಿಜ. 2019ರ ಡೋರಿಯನ್ ಚಂಡಮಾರುತದಿಂದ ನಲುಗಿದ ಗ್ರ್ಯಾಂಡ್ ಬಹಾಮಾದ ಹುಡುಗರಿಗೆ ಸೆಲೆಬ್ರೇಷನ್ ಕೀಯ ಸಂಬಳ ಸಣ್ಣ ಮಾತಲ್ಲ.

ಆದರೆ ಸಂಬಳಕ್ಕಿರುವವನಿಗೂ, ಸ್ವಂತ ವ್ಯಾನು ಇಟ್ಟುಕೊಂಡು, ಇವತ್ತಿನ ಗಿರಾಕಿ ನಾಳೆ ಇನ್ನೊಬ್ಬರಿಗೆ ನನ್ನ ನಂಬರ್ ಕೊಡುತ್ತಾನೆ ಅಂತ ನಂಬಿ ಬದುಕುವವನಿಗೂ ವ್ಯತ್ಯಾಸವಿದೆ. ಒಬ್ಬ ನೌಕರ, ಇನ್ನೊಬ್ಬ ತನ್ನ ವ್ಯವಹಾರಕ್ಕೆ ತಾನೇ ಯಜಮಾನ. ಎಲ್ಲ ದಾರಿಯೂ ಕಂಪನಿಯ ಕೌಂಟರಿನ ಮೂಲಕವೇ ಹೋದರೆ ಎರಡನೆಯವನು ಮಾಯವಾಗುತ್ತಾನೆ.

ಹಾಗಾಗಿ ಹೊರಡುವವರಿಗೆ ಹೇಳಬಹುದಾದದ್ದು ಇಷ್ಟೇ. ಕೈಗಡಿಯಾರವನ್ನು ಹಡಗಿನ ಸಮಯಕ್ಕೆ ಹೊಂದಿಸಿ. ಪರವಾನಗಿ ಇರುವ ಟ್ಯಾಕ್ಸಿ ಹಿಡಿದು, ಹತ್ತುವ ಮೊದಲೇ ದರ ಮಾತಾಡಿ. ಗಾಲ್ಫ್ ಆಡುವವರು ಮೈದಾನಕ್ಕೆ ನೇರವಾಗಿ ಬರೆದು ಬೆಳಗಿನ ಸಮಯ ಕಾದಿರಿಸಿ, ಎರಡು ಗಂಟೆ ಕೈಯಲ್ಲಿಟ್ಟುಕೊಂಡು ವಾಪಸ್ ಬನ್ನಿ. ಸಮಯ ಬಿಗಿಯಾದರೆ ಒಂಬತ್ತೇ ಹೋಲ್ ಆಡಿ, ಪ್ರಪಂಚವೇನೂ ಮುಳುಗುವುದಿಲ್ಲ. ಆದರೆ ಪ್ರವಾಸಿಗನ ಒಳ್ಳೆಯತನವೊಂದರಿಂದಲೇ ದ್ವೀಪಗಳ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕೆ ತಲೆಗಂದಾಯ ಬೇಕು, ಒಟ್ಟಾಗಿ ಚೌಕಾಸಿ ಮಾಡುವ ಒಗ್ಗಟ್ಟು ಬೇಕು, ಕಡಲಿಗೆ ಹೋಗುವ ಹಕ್ಕನ್ನು ಬರೆದಿಡುವ ಕಾನೂನು ಬೇಕು.

ಇದು ನಮಗೂ ದೂರದ ಮಾತಲ್ಲ. ಮಂಗಳೂರಿನ ಪಣಂಬೂರಿನ ನವಮಂಗಳೂರು ಬಂದರಿಗೂ ಕ್ರೂಸ್ ಹಡಗುಗಳು ಬರುತ್ತವೆ. ಯಕ್ಷಗಾನ, ಚೆಂಡೆಯ ಸ್ವಾಗತದ ಫೋಟೊ ಪೇಪರಿನಲ್ಲಿ ಬರುತ್ತದೆ. ಪ್ರವಾಸಿಗರು ಬಸ್ಸು, ಟ್ಯಾಕ್ಸಿಗಳಲ್ಲಿ ಕಾರ್ಕಳ, ಮೂಡುಬಿದಿರೆ ಕಡೆ ಹೋಗಿ ಸಂಜೆಗೆ ವಾಪಸ್ ಹಡಗಿಗೆ. ಕರಾವಳಿ ಪ್ರವಾಸೋದ್ಯಮದ ದೊಡ್ಡ ಯೋಜನೆಗಳ ಮಾತು ಬಂದಾಗಲೆಲ್ಲ ಎಷ್ಟು ಹಡಗು ಬಂತು, ಎಷ್ಟು ಜನ ಇಳಿದರು ಅಂತಲೇ ಲೆಕ್ಕ ಕೊಡುತ್ತಾರೆ. ಅವರಲ್ಲಿ ಎಷ್ಟು ಜನ ಊರಿನ ರಿಕ್ಷಾ ಹತ್ತಿದರು, ಎಷ್ಟು ಜನ ಊರಿನ ಹೋಟೆಲಲ್ಲಿ ನೀರುದೋಸೆ ತಿಂದರು, ಮೀನುಗಾರರ ಕಡಲ ತೀರ ಅವರಿಗೇ ಉಳಿಯಿತಾ ಅನ್ನುವುದನ್ನೂ ಈಗಿನಿಂದಲೇ ಕೇಳಬೇಕು. ಕೆರಿಬಿಯನ್ ದ್ವೀಪಗಳು ಆ ಪ್ರಶ್ನೆ ಕೇಳುವ ಹೊತ್ತಿಗೆ ಗೇಟು ಕಟ್ಟಿ ಮುಗಿದಿತ್ತು.